ಕರಂಟ್ ಕಡಿಯುವುದಿಲ್ಲ ಎಂದಿದ್ದೆ

ನಾನು ಹುಟ್ಟಾ ಅಂಜುಬುರುಕಿ. ಹಲ್ಲಿಗೆ ಅಂಜುತ್ತಿದ್ದೆ, ಬಸ್ಸಿನ ಕಂಡಕ್ಟರನಿಗೆ ಅಂಜುತ್ತಿದ್ದೆ, ನಮ್ಮ ಹೆಡ್ ಮಾಸ್ತರರು ಕೆಮ್ಮಿದರೂ ಅಂಜುತ್ತಿದ್ದೆ. ಅಂಜದೆ ಇದ್ದದ್ದು ಒಂದಕ್ಕೇ, ಕರಂಟಿಗೆ. ಯಾವುದಕ್ಕೆ ಅಂಜಬೇಕಿತ್ತೋ ಅದೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಅಂಜಿದವಳು ನಾನು. ಅದರ ಫಲವನ್ನು ಒಂದು ಸೋಮವಾರ ಉಂಡೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಈಗಿನ ವಿಜಯಪುರಕ್ಕೆ ಆಗ ವಿಜಾಪುರ ಎನ್ನುತ್ತಿದ್ದೆವು. ಜೋರಾಪುರ ಪೇಟೆಯಲ್ಲಿ ನಮ್ಮ ಮನೆ, ಮನೆಯ ಮುಂದಿನ ಕಟ್ಟೆಯ ಮೇಲೇ ಅಪ್ಪನ ರೇಡಿಯೋ ರಿಪೇರಿ ಅಂಗಡಿ. ಉಳಿದ ಹುಡುಗಿಯರು ಕುಂಟಾಟ ಆಡುವ ವಯಸ್ಸಿನಲ್ಲಿ ನಾನು ಅಪ್ಪನ ಪಕ್ಕ ಕೂತು ವಾಯರಿನ ಸಿಪ್ಪೆಯನ್ನು ಹಲ್ಲಿನಿಂದ ಸುಲಿಯುತ್ತಿದ್ದೆ. ಹೀಗಾಗಿ ವಾಯರುಗಳ ಜೊತೆ ಸಲಿಗೆ ಬೆಳೆದಿತ್ತು. ಮುಂದೆ ಟಿಕೋಟಾದ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮೂರನೆಯ ಇಯತ್ತೆಗೆ ನಾನೇ ಬಾಯಿ, ಅಂದರೆ ಟೀಚರು; ಕರೆಯುವಾಗ ಎಲ್ಲರಿಗೂ ಬಾಯಾರು. ದಿನಾಲೂ ಬೆಳಿಗ್ಗೆ ಬಸ್ಸು ಹತ್ತಿ, ಇಟ್ಟಂಗಿಹಾಳ ದಾಟುವವರೆಗೂ ಬಸ್ಸು ಎಲ್ಲಿ ಮಗುಚುತ್ತದೋ ಎಂದು ಮುಂದಿನ ಸೀಟಿನ ಸರಳು ಬಿಗಿಹಿಡಿದುಕೊಂಡು ಹೋಗುತ್ತಿದ್ದೆ.

ಯಂತ್ರಮಾನವ ಎಂಬ ಪದವನ್ನು ನಾನು ಮೊದಲು ಓದಿದ್ದು ಊರ ವಾಚನಾಲಯದ ಒಂದು ಮಾಸಪತ್ರಿಕೆಯಲ್ಲಿ. ಪರದೇಶದ ಯಾವುದೋ ಕಾರ್ಖಾನೆಯಲ್ಲಿ ಮನುಷ್ಯನ ಕೈಯಂಥದೇ ಕಬ್ಬಿಣದ ಕೈ ಕೆಲಸ ಮಾಡುತ್ತದೆ ಎಂದು ಬರೆದಿದ್ದರು. ಅದನ್ನು ಮಕ್ಕಳಿಗೆ ಹೇಳಿದೆ. ಅವರು ಬಾಯಿ ತೆರೆದು ಕೇಳಿದರು, ಆಮೇಲೆ ಒಬ್ಬ ‘ಸುಳ್ಳ’ ಅಂದ. ಆ ಒಂದು ಮಾತಿಗೆ ರೊಚ್ಚಿಗೆದ್ದು, ಹಾಗಾದರೆ ನಾವೇ ಒಬ್ಬನನ್ನು ಮಾಡೋಣ ಎಂದುಬಿಟ್ಟೆ. ಅಂಜುಬುರುಕರಿಗೆ ಸಿಟ್ಟು ಬಂದರೆ ಹೀಗೇ, ಹಿಂದೆ ಮುಂದೆ ನೋಡುವುದಿಲ್ಲ.

ಆಗ ಜೋಳದ ಸುಗ್ಗಿ ಮುಗಿದಿತ್ತು. ಜೋಳದ ದಂಟು ಸಿಕ್ಕರೆ ನಮ್ಮ ಕಡೆಯ ಮಕ್ಕಳಿಗೆ ಬೇರೆ ಆಟಿಕೆ ಬೇಡ. ಮೇಲಿನ ಸಿಬಿರು ಸುಲಿದು ಒಳಗಿನ ಬೆಂಡಿಗೆ ಚುಚ್ಚಿ ಬಂಡಿ, ಎತ್ತು, ನೊಗ ಎಲ್ಲ ಮಾಡುತ್ತಾರೆ. ನಾನು ಅಲ್ಲಿಂದಲೇ ಶುರು ಮಾಡಿದೆ. ಮೊದಲ ವಾರ ದಂಟಿನ ಬಂಡಿ. ಎರಡನೆಯ ವಾರ ಸೈಕಲ್ಲಿನ ಕಡ್ಡಿಯನ್ನು ಬಾಗಿಸಿ ಹಿಡಿಕೆ ಮಾಡಿ, ಅದನ್ನು ತಿರುಗಿಸಿದರೆ ದಂಟಿನ ಕೈ ಮೇಲೆ ಕೆಳಗೆ ಆಡುವುದನ್ನು ತೋರಿಸಿದೆ. ಮೂರನೆಯ ವಾರ ಅಪ್ಪನ ಗುಜರಿ ಪೆಟ್ಟಿಗೆಯಿಂದ ಒಂದು ಪುಟ್ಟ ಮೋಟರು ತಂದೆ, ಬ್ಯಾಟರಿ ಸೆಲ್ಲಿನ ಮೇಲೆ ನಡೆಯುತ್ತಿದ್ದ ಒಂದು ಹಾಳು ಗ್ರಾಮಫೋನಿನದು. ವನಸ್ಪತಿ ತುಪ್ಪದ ಖಾಲಿ ಡಬ್ಬಿ ಹೊಟ್ಟೆಯಾಯಿತು, ದಂಟು ಕೈಯಾಯಿತು, ದಾರದ ರೀಲುಗಳು ಗಾಲಿಯಾದವು, ನಾಲ್ಕು ಸೆಲ್ಲು ಹೊಟ್ಟೆಯೊಳಗೆ ಕೂತವು. ಮಕ್ಕಳು ಅವನಿಗೆ ಇದ್ದಲಿನಿಂದ ಮೀಸೆ ಬರೆದು ಡಬ್ಬಿಗೌಡ ಎಂದು ಹೆಸರಿಟ್ಟರು.

ಮೂವತ್ತೊಂದು ಮಕ್ಕಳಲ್ಲಿ ಒಬ್ಬ ಹುಡುಗಿಯ ಕೈ ಬೇರೆಯೇ ಇತ್ತು. ಎಂಟು ವರ್ಷದವಳು. ಊರಿಂದ ಎರಡು ಮೈಲು ಆಚೆ, ಬಬಲೇಶ್ವರದ ದಾರಿಯಲ್ಲಿ ಅವರ ಹೊಲ. ಅಪ್ಪ ಮಗಳು ಇಬ್ಬರೇ ಹೊಲದ ಮನೆಯಲ್ಲಿ ಇರುತ್ತಿದ್ದರು. ಮಗ್ಗಿ ಕೇಳಿದರೆ ನೆಲ ನೋಡುವಳು, ಗಂಟು ಬಿಚ್ಚಲು ಕೊಟ್ಟರೆ ನಾನು ಕಣ್ಣು ಮಿಟುಕಿಸುವುದರೊಳಗೆ ಬಿಚ್ಚುವಳು. ಡಬ್ಬಿಗೌಡ ಮೊದಲ ಸಲ ಹೊರಟು ಗೋಡೆಗೆ ಡಿಕ್ಕಿ ಹೊಡೆದು ಬಿದ್ದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಇವಳು ಮಾತ್ರ ನಗಲಿಲ್ಲ.

“ಗ್ವಾಡಿ ಬಂತು ಅಂತ ಅಂವಗ ಹ್ಯಾಂಗ ಗೊತ್ತಾಗಬೇಕ್ರಿ ಬಾಯಾರ? ಕಣ್ಣಿಲ್ಲ ಪಾಪ.”

ಆ ಪ್ರಶ್ನೆಗೆ ಉತ್ತರವಾಗಿ ನಾವಿಬ್ಬರೂ ಸೇರಿ ಡಬ್ಬಿಗೌಡನ ಮುಂದೆ ಒಂದು ತಗಡಿನ ಪಟ್ಟಿ ಕಟ್ಟಿದೆವು. ಪಟ್ಟಿ ಗೋಡೆಗೆ ತಾಕಿದರೆ ಹಿಂದೆ ಸರಿದು ವಾಯರಿನಿಂದ ಬಿಡುತ್ತದೆ, ಗೌಡ ತಾನೇ ನಿಲ್ಲುತ್ತಾನೆ. ಅವನು ಮೊದಲ ಬಾರಿ ಗೋಡೆ ಮುಟ್ಟಿ ನಿಂತಾಗ ನನಗೆ ಬಂದ ಹೆಮ್ಮೆ ಅಷ್ಟಿಷ್ಟಲ್ಲ.

ಆ ಹೆಮ್ಮೆಯೇ ಶನಿವಾರ ನನ್ನ ಬಾಯಿ ಬಿಡಿಸಿತು. ಉಳಿದ ಮಕ್ಕಳು ವಾಯರು ಮುಟ್ಟಲು ತಯಾರಿರಲಿಲ್ಲ. ಬಾವಿ ಬಾವಿಗೆ ಮೋಟರು ಬರುತ್ತಿದ್ದ ಕಾಲವದು. ಕರಂಟ್ ಹಿಡಿದರೆ ಬಿಡುವುದಿಲ್ಲ ಎಂದು ಮನೆಯಲ್ಲಿ ಹೇಳಿ ಹೆದರಿಸಿದ್ದರು. ಹೆದರಿದ ಮಕ್ಕಳು ಏನು ಕಟ್ಟುತ್ತಾರೆ? ನಾನು ಸಿಪ್ಪೆ ಸುಲಿದ ವಾಯರಿನ ಎರಡು ತುದಿ ಎತ್ತಿ ಹಿಡಿದು ಭಾಷಣ ಬಿಗಿದೆ.

“ಕರಂಟ್ ಅಂದ್ರ ದೆವ್ವ ಅಲ್ಲ. ಡಬ್ಬಿಗೌಡನ ಹೊಟ್ಟ್ಯಾಗ ಇರೂದೂ ಅದ, ಕಂಬದಾಗ ಇರೂದೂ ಅದ. ಕರಂಟ್ ಎಲ್ಲಾ ಒಂದ. ವಾಯರ್ ಕಡಿಯಂಗಿಲ್ಲ. ಬರ್ರಿ, ಒಬ್ಬೊಬ್ಬರ ಹಿಡೀರಿ.”

ಮೂವತ್ತೊಂದು ಮಕ್ಕಳೂ ಸಾಲಾಗಿ ಬಂದು ಹಿಡಿದರು. ಏನೂ ಆಗಲಿಲ್ಲ. ನಾಲಗೆಗೆ ಹಚ್ಚಿಕೊಂಡರೆ ಹುಳಿ ಹುಳಿ ಅನ್ನಿಸುತ್ತದೆ ಎಂದು ಅದನ್ನೂ ತೋರಿಸಿದೆ. ಒಬ್ಬ ಹುಡುಗನಂತೂ ಎರಡು ಸಲ ಹಚ್ಚಿಕೊಂಡ. ಹೀಗೆ ಆಡಿ ಆಡಿ ಸೆಲ್ಲುಗಳು ಸೋತವು, ಡಬ್ಬಿಗೌಡನ ಕೈ ಜೋತುಬಿತ್ತು. ಶಾಲೆ ಬಿಡುವಾಗ ಆ ಹುಡುಗಿ ಅವನನ್ನು ಮನೆಗೆ ಒಯ್ಯಲೇ ಎಂದು ಕೇಳಿದಳು. ಸೋತ ಸೆಲ್ಲನ್ನು ಬಿಸಿಲಿಗೆ ಇಟ್ಟರೆ ಒಂದಿಷ್ಟು ಹೊತ್ತು ಜೀವ ಬರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಹಾಗೆ ಇಡಲಿಕ್ಕೆ ಕೇಳುತ್ತಿದ್ದಾಳೆ ಎಂದುಕೊಂಡು ಒಯ್ಯಿ ಅಂದೆ.

ಸೋಮವಾರ ಹಾಜರಿ ಕೂಗಿದಾಗ ನಾಲ್ವರು ಬಂದಿರಲಿಲ್ಲ. ಅವರಲ್ಲಿ ಅವಳೂ ಒಬ್ಬಳು. ಅವಳ ಪಕ್ಕ ಕೂಡುವ ಹುಡುಗಿಯನ್ನು ಯಾಕೆ ಬಂದಿಲ್ಲ ಎಂದು ಕೇಳಿದೆ.

“ನಿನ್ನೆ ಸಂಜೀಕ ಸಿಕ್ಕಿದ್ಳ್ರಿ. ಡಬ್ಬಿಗೌಡ ಎದ್ದ ಮ್ಯಾಲೆ ಬರತಾಳಂತ್ರಿ. ಸಣ್ಣ ಸೆಲ್ ಸತ್ತಾವು, ನಮ್ಮ ಬಾವ್ಯಾಗಿನ ಮೋಟರಿಂದು ದೊಡ್ಡ ಕರಂಟ್ ಐತಿ, ಅದನ್ನ ಹಚ್ಚತೇನಿ ಅಂದಾಳ್ರಿ.”

ಕೈಯಲ್ಲಿದ್ದ ಹಾಜರಿ ಪುಸ್ತಕ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ. ಎಲ್ಲರೂ ಸುಮ್ಮನೆ ಕೂಡ್ರಿ ಎಂದವಳೇ ಹೊರಗೆ ಬಂದೆ. ಹೆಡ್ ಮಾಸ್ತರರ ಕೋಣೆಯ ಮುಂದೆ ಹಾಯ್ದರೂ ಒಳಗೆ ಹೋಗಿ ಹೇಳಲಿಲ್ಲ. ಬಬಲೇಶ್ವರದ ಬಸ್ಸು ಆಗಲೇ ಹೋಗಿತ್ತು. ಸೆರಗು ಸಿಕ್ಕಿಸಿಕೊಂಡು ಓಡತೊಡಗಿದೆ. ಬಾಯಾರು ಓಡುವುದನ್ನು ಆ ಊರು ಎಂದೂ ನೋಡಿರಲಿಲ್ಲ. ಕಟ್ಟೆಯ ಮೇಲೆ ಕೂತವರು ಏನೋ ಕೇಳಿದರು, ನನಗೆ ಕೇಳಿಸಲಿಲ್ಲ.

ಎರಡು ಮೈಲು ಎಂದರೆ ಬಹಳ ದೂರ. ಅರ್ಧ ದಾರಿಯಲ್ಲಿ ಚಪ್ಪಲಿಯ ಪಟ್ಟಿ ಕಿತ್ತಿತು, ಎರಡನ್ನೂ ಬಿಟ್ಟು ಬರಿಗಾಲಲ್ಲಿ ನಡೆದೆ. ಎಡಗಡೆಯ ಹೊಲದಲ್ಲಿ ಒಂದು ಮೋಟರು ಗುಂಯ್ ಎನ್ನುತ್ತಿತ್ತು. ಅಂದರೆ ಲೈನಿನಲ್ಲಿ ಕರಂಟ್ ಇದೆ. ಅಯ್ಯೋ, ಇವತ್ತಾದರೂ ಕರಂಟ್ ಹೋಗಬಾರದಿತ್ತೇ ಎಂದು ಗೋಳಾಡಿದೆ. ಇನ್ನೂ ಮುಂದೆ ಇನ್ನೊಂದು ಬಾವಿ, ಅಲ್ಲೂ ನೀರು ಬೀಳುತ್ತಿತ್ತು. ಅವರ ಹೊಲ ಕಣ್ಣಿಗೆ ಬಿತ್ತು. ಕಿವಿಗೊಟ್ಟೆ. ಅವರ ಮೋಟರಿನ ಸಪ್ಪಳವಿಲ್ಲ. ಎಲ್ಲರದೂ ನಡೆಯುತ್ತಿರುವಾಗ ಇವರದೊಂದೇ ಯಾಕೆ ನಿಂತಿದೆ? ಯಾರು ನಿಲ್ಲಿಸಿದರು? ಏನಾದ ಮೇಲೆ ನಿಲ್ಲಿಸಿದರು? ದಾರಿಯ ನಡುವೆ ನಿಂತುಬಿಟ್ಟೆ. ವಾಪಸು ಹೋಗಿಬಿಡೋಣ, ಗೊತ್ತೇ ಇಲ್ಲ ಎಂದುಬಿಡೋಣ ಅನ್ನಿಸಿತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಹಾಗೆ ಅನ್ನಿಸಿದ್ದು ನಿಜ.

ಬಾವಿಯ ಪಕ್ಕದಲ್ಲಿ ತಗಡಿನ ಚಿಕ್ಕ ಖೋಲಿ. ಬಾಗಿಲು ತೆರೆದಿತ್ತು. ಹುಡುಗಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ನಿಂತಿದ್ದಳು. ಎದುರಿಗೆ ಮೋಟರಿನ ಬೋರ್ಡು. ನೆಲದ ಮೇಲೆ ಡಬ್ಬಿಗೌಡ, ಅವನ ಹೊಟ್ಟೆಯಿಂದ ಹೊರಟ ಎರಡು ವಾಯರಿನ ಸುಲಿದ ತುದಿಗಳು ಅವಳ ಎರಡು ಕೈಯಲ್ಲಿ.

ಬೋರ್ಡಿನ ಮೇಲೆ ಮೂರು ಫ್ಯೂಜ್ ಇರಬೇಕಾದ ಜಾಗ ಖಾಲಿಯಿತ್ತು. ಬಿಳಿ ಪಿಂಗಾಣಿಯ ಫ್ಯೂಜುಗಳನ್ನು ಯಾರೋ ಕಿತ್ತು ತೆಗೆದಿದ್ದರು. ಆ ಜಾಗದ ಕೆಳಗಿನ ತುದಿಗಳಿಗೆ ಅವಳು ಈಗಾಗಲೇ ವಾಯರು ಹಚ್ಚಿ ನೋಡಿದ್ದಳು, ಏನೂ ಆಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ಈಗ ಒಂದು ಗೇಣು ಮೇಲೆ, ಖಾಲಿ ಜಾಗದ ಮೇಲಿನ ಹಿತ್ತಾಳೆಯ ಬಾಯಿಗಳ ಕಡೆಗೆ ಕೈ ಎತ್ತಿದ್ದಳು. ಫ್ಯೂಜ್ ತೆಗೆದರೆ ಕೆಳಗಿನದಷ್ಟೇ ಸತ್ತಿರುತ್ತದೆ. ಮೇಲಿನ ಬಾಯಿಗೆ ಕಂಬದಿಂದ ಬರುವ ಕರಂಟ್ ಬಂದೇ ಇರುತ್ತದೆ. ಅಪ್ಪನ ಮಗಳಾದ ನನಗೆ ಅದು ಗೊತ್ತಿತ್ತು.

ಕಿರುಚಿದರೆ ಅವಳು ಬೆಚ್ಚಿ ಕೈ ಮುಂದೆ ಹಾಕುತ್ತಾಳೆ. ಹಿಡಿದು ಎಳೆಯೋಣವೆಂದರೆ ಆರು ಹೆಜ್ಜೆ ದೂರ. ನನ್ನ ಬಾಯಿಂದ ಯಾವ ದೇವರು ಆಡಿಸಿದನೋ, ತರಗತಿಯಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತು, ಅದೇ ಸಪ್ಪೆ ದನಿಯಲ್ಲಿ ಹೊರಟಿತು.

“ಕೈ ಕಟ್ಟು.”

ಅವಳು ತಿರುಗಿ ಕೂಡ ನೋಡಲಿಲ್ಲ. ವಾಯರು ಬಿಟ್ಟು, ಬುಟ್ಟಿಯ ಮೇಲೆ ನಿಂತಲ್ಲೇ ಎರಡೂ ಕೈ ಎದೆಗೆ ಕಟ್ಟಿದಳು. ಮಕ್ಕಳನ್ನು ಹಾಗೆ ಕೈ ಕಟ್ಟಿ ಕೂಡಿಸುವುದು ಶಾಲೆಯ ರೂಢಿ, ಹೇಳುತ್ತಿದ್ದರೂ ನನಗೆ ಎಂದೂ ಹಿಡಿಸಿರಲಿಲ್ಲ. ಆರು ಹೆಜ್ಜೆ ಹೋಗಿ ಅವಳನ್ನು ಎತ್ತಿಕೊಂಡು ಹೊರಗೆ ಬಂದು ಬಾವಿಕಟ್ಟೆಯ ಮೇಲೆ ಕುಸಿದೆ. ಎಂಟು ವರ್ಷದ ಹುಡುಗಿಯನ್ನು ಕೂಸಿನ ಹಾಗೆ ಅವಚಿಕೊಂಡಿದ್ದೆ. ಅವಳಿಗೆ ಬೇಜಾರಾಗಿತ್ತು.

“ಅದು ಸತ್ತೈತ್ರಿ ಬಾಯಾರ,” ಅಂದಳು.

ಅವಳ ಅಪ್ಪ ದನದ ಕೊಟ್ಟಿಗೆಯ ಕಡೆಯಿಂದ ಬಂದ. ಹಣೆ ತುಂಬ ವಿಭೂತಿ ಹಚ್ಚಿದ್ದ. ಬಾಯಾರು ಬರಿಗಾಲಲ್ಲಿ ಬಂದದ್ದು ನೋಡಿ ಗಾಬರಿಯಾಗಿ ಒಳಗೆ ಹೋಗಿ ತಂಬಿಗೆಯಲ್ಲಿ ಮಜ್ಜಿಗೆ ತಂದ. ಮಗಳು ಒಂದು ದಿನ ಶಾಲೆ ತಪ್ಪಿಸಿದ್ದಕ್ಕೆ ನಾನು ಇಷ್ಟು ದೂರ ಬಂದೆ ಎಂದು ತಿಳಿದಿದ್ದ.

“ಒಂದ ಹುಡುಗಿ ಸಲುವಾಗಿ ಎಷ್ಟ ಜೀವಾ ಬಡಕೋತೀರಿ ಬಾಯಾರ. ನಿಮ್ಮಂಥವರು ಸಿಗಂಗಿಲ್ಲ.”

ಮೋಟರು ಯಾಕೆ ನಿಂತಿದೆ ಎಂದು ಕೇಳಿದೆ.

“ಇವತ್ತ ಸೋಮವಾರಲ್ರೀ. ನಾವು ಸೋಮವಾರ ಎತ್ತು ಹೂಡಂಗಿಲ್ಲ. ಮೊದಲ ಈ ಬಾವ್ಯಾಗ ಎತ್ತು ನೀರು ಎಳೀತಿದ್ವು. ಈಗ ಅವುಗಳ ಬದಲಿ ಇದು ಎಳೀತೈತಿ. ಅಂದ ಮ್ಯಾಲೆ ಇದಕ್ಕೂ ಒಂದ ದಿನ ಬಿಡುವು ಬ್ಯಾಡೇನ್ರಿ? ಮುಂಜಾನೆ ಫ್ಯೂಜ್ ತಗದು, ಇಭೂತಿ ಹಚ್ಚಿ, ದೇವರ ಜಗಲಿ ಮ್ಯಾಲೆ ಇಡತೇನಿ. ಮಂದಿ ನಗತಾರ, ನಗಲಿ.”

ಆ ಮನುಷ್ಯನ ಮುಖ ನೋಡುತ್ತ ಕೂತೆ. ಯಾರೂ ಕೊಡದ ರಜೆಯನ್ನು ಮೋಟರಿಗೆ ಕೊಟ್ಟು ಅವನು ಮಗಳನ್ನು ಅರ್ಧ ಉಳಿಸಿದ್ದ. ಉಳಿದರ್ಧದ ಮೇಲೆ ಸಾವು ಹಾಗೇ ಕೂತಿತ್ತು, ಅದು ಅವನಿಗೆ ಗೊತ್ತಿರಲಿಲ್ಲ. ಫ್ಯೂಜ್ ತೆಗೆದರೆ ಎಲ್ಲ ಮಲಗುತ್ತದೆ ಎಂದು ನಂಬಿದ್ದ. ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ, ನೌಕರಿಯೂ ಹೋಗಬಹುದು. ಹೇಳದಿದ್ದರೆ ಮುಂದಿನ ಸೋಮವಾರ ಬರುತ್ತದೆ. ಇನ್ನೂ ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುತ್ತಿದ್ದೆನೋ ಏನೋ, ಹುಡುಗಿಯೇ ಬಾಯಿ ಬಿಟ್ಟಳು.

“ನೀವ ಹೇಳಿದ್ರಲ್ರಿ ಬಾಯಾರ, ಕರಂಟ್ ಎಲ್ಲಾ ಒಂದ, ವಾಯರ್ ಕಡಿಯಂಗಿಲ್ಲ ಅಂತ.”

ಅಪ್ಪ ನನ್ನ ಕಡೆ ನೋಡಿದ. ಎಲ್ಲ ಹೇಳಿದೆ. ಶನಿವಾರದ ಭಾಷಣ, ಸಾಲಾಗಿ ಬಂದ ಮಕ್ಕಳು, ನಾಲಗೆ, ಬೋರ್ಡಿನ ಮೇಲಿನ ಆ ಹಿತ್ತಾಳೆಯ ಬಾಯಿಗಳು, ಅವಳ ಎತ್ತಿದ ಕೈ. ಅವನು ಬೈಯುತ್ತಾನೆ ಎಂದು ಕಾದೆ. ಬೈಯಲಿಲ್ಲ. ಮಗಳನ್ನು ಹತ್ತಿರ ಎಳೆದುಕೊಂಡು ಅವಳ ಅಂಗೈಗಳನ್ನು ತಿರುವಿ ತಿರುವಿ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ.

“ಇದನ್ನ ಎಷ್ಟ ಹುಡುಗರಿಗೆ ಕಲಿಸೀರಿ?”

ಇಲ್ಲಿಯವರೆಗೆ ನನ್ನ ತಲೆಯಲ್ಲಿ ಒಬ್ಬಳೇ ಹುಡುಗಿ ಇದ್ದಳು. ಅವನು ಕೇಳಿದ ಮೇಲೆ ಮೂವತ್ತು ಮುಖಗಳು ಒಮ್ಮೆಲೇ ಎದುರಿಗೆ ಬಂದು ನಿಂತವು. ಶಾಲೆಯಲ್ಲಿದ್ದವರು ಐದು ಗಂಟೆಗೆ ಮನೆಗೆ ಹೋಗುತ್ತಾರೆ, ಅಲ್ಲಿಂದ ಹೊಲಕ್ಕೆ. ಬರದ ಇನ್ನೂ ಮೂವರು ಎಲ್ಲಿದ್ದಾರೆ? ಬೇರೆ ಯಾವ ಬಾವಿಯ ಮೋಟರಿಗೂ ಸೋಮವಾರದ ರಜೆ ಇಲ್ಲ. ನಾನು ಎದ್ದು ನಿಂತೆ.

ಅವನು ಕೊಟ್ಟಿಗೆಗೆ ಹೋದ. ಎತ್ತುಗಳ ಹಣೆ ಮುಟ್ಟಿ ಏನೋ ಅಂದು, ಕೈ ಮುಗಿದು, ಬಂಡಿ ಹೂಡಿದ. ಸೋಮವಾರ ಅವನ ಎತ್ತುಗಳ ಹೆಗಲ ಮೇಲೆ ನೊಗ ಬಿದ್ದದ್ದು ಅದೇ ಮೊದಲು ಎಂದು ಆಮೇಲೆ ಹುಡುಗಿ ಹೇಳಿದಳು.

ಬಾರದ ಮೂವರಲ್ಲಿ ಇಬ್ಬರು ಅಕ್ಕ ತಂಗಿಯರು, ಪಕ್ಕದ ಹೊಲದಲ್ಲಿ ಕಡಲೆ ಕೀಳುತ್ತಿದ್ದರು. ದೂರದಿಂದಲೇ ಎರಡು ಜಡೆ ಕಂಡವು, ನನಗೆ ಅಳು ಬಂತು. ಅವರ ಮುಂದೆ ಕೂತು, ನಾನು ಹೇಳಿದ್ದು ತಪ್ಪು, ಸೆಲ್ಲಿನ ಕರಂಟ್ ಬೇರೆ, ಕಂಬದ್ದು ಕೊಲ್ಲುತ್ತದೆ, ಮುಟ್ಟಬೇಡಿ ಎಂದೆ. ಬಾಯಾರು ತಪ್ಪು ಒಪ್ಪಿಕೊಳ್ಳುವುದನ್ನು ಕಂಡು ಅವರಿಗೇ ನಾಚಿಕೆಯಾಯಿತು. ಮೂರನೆಯವನು ನಾಲಗೆಗೆ ಎರಡು ಸಲ ಹಚ್ಚಿಕೊಂಡ ಹುಡುಗ. ಅವನು ಬಬಲೇಶ್ವರಕ್ಕೆ ಸೋದರಮಾವನ ಮನೆಗೆ ಹೋಗಿದ್ದಾನೆ ಎಂದು ಅಕ್ಕ ಹೇಳಿದಳು. “ಅವರ ಮಾವಂದು ಗಿರಣಿ ಐತ್ರಿ,” ಎಂದು ತಂಗಿ ಸೇರಿಸಿದಳು.

ಬಂಡಿ ದಾರಿಗೆ ಬರುವುದಕ್ಕೂ ಮಧ್ಯಾಹ್ನದ ಬಸ್ಸು ಬರುವುದಕ್ಕೂ ಸರಿಹೋಯಿತು. “ಸಾಲಿಗೆ ನಾ ಹೊಕ್ಕೇನಿ, ಹುಡುಗರ ಮುಂದ ಎಲ್ಲಾ ಹೇಳತೇನಿ. ನೀವು ಆ ಹುಡುಗನ್ನ ನೋಡ್ರಿ,” ಎಂದು ಅವನು ಮಗಳ ಜೊತೆ ಟಿಕೋಟಾದ ಕಡೆ ಬಂಡಿ ತಿರುಗಿಸಿದ. ಎಲ್ಲ ಹೇಳುತ್ತಾನೆ ಎಂದರೆ ಹೆಡ್ ಮಾಸ್ತರರ ಮುಂದೆಯೂ ಹೇಳುತ್ತಾನೆ. ಹೇಳಲಿ ಎಂದುಕೊಂಡೆ. ಅವತ್ತು ಬಸ್ಸು ಮಗುಚುತ್ತದೆ ಎಂಬ ಹೆದರಿಕೆ ಹತ್ತಿರವೂ ಸುಳಿಯಲಿಲ್ಲ. ಬಸ್ಸು ಯಾಕಿಷ್ಟು ಮೆಲ್ಲಗೆ ಹೋಗುತ್ತಿದೆ ಎಂದು ಸರಳು ಹಿಡಿದು ಅಲುಗಾಡಿಸುತ್ತಿದ್ದೆ.

ಬಬಲೇಶ್ವರದಲ್ಲಿ ಇಳಿದ ಕೂಡಲೆ ಗಿರಣಿಯ ಸಪ್ಪಳ ಕೇಳಿಸಿತು. ಯಾರನ್ನೂ ದಾರಿ ಕೇಳಲಿಲ್ಲ, ಆ ಸಪ್ಪಳದ ಕಡೆಗೇ ಓಡಿದೆ. ಹಿಟ್ಟಿನ ಧೂಳಿನಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಪಾಳಿ ಕಾಯುತ್ತಿದ್ದರು. ಅವರನ್ನೆಲ್ಲ ದೂಡಿಕೊಂಡು ಒಳಗೆ ನುಗ್ಗಿದೆ. ಗೋಡೆಯ ಮೇಲೆ ದೊಡ್ಡ ಬೋರ್ಡು, ಅದರ ಕೆಳಗೆ ಮೂಲೆಯಲ್ಲಿ ಹುಡುಗ ಗೋಡೆಗೊರಗಿ ಕೂತಿದ್ದ. ಮೈಯೆಲ್ಲ ಹಿಟ್ಟು, ಕಣ್ಣು ಮುಚ್ಚಿತ್ತು. ನಾನು ಅಲ್ಲೇ ನಿಂತೆ. ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಅವನು ಮೂಗು ಎಳೆದುಕೊಂಡ ಮೇಲೆ ಉಸಿರು ಬಿಟ್ಟೆ. ಒಂದು ಗಲ್ಲ ಬಾತಿತ್ತು.

“ಮಾವ ಹೊಡದ್ರಿ,” ಅಂದ, ನನ್ನನ್ನು ಕಂಡು ಹೊಸದಾಗಿ ಅಳುತ್ತ. “ವಾಯರ್ ಮುಟ್ಟಾಕ ಹೋದೆ ಅಂತ. ಬಾಯಾರ ಹೇಳ್ಯಾರ ಅಂದೆ. ಅದಕ್ಕ ಇನ್ನೊಂದ ಹೊಡದ್ರಿ.”

ಗಿರಣಿಯ ಮಾವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ಯಾರು ಬೇಕು ಎಂದು ಕೇಳಿದ. ಆ ಬಾಯಿ ನಾನೇ ಎಂದೆ. ಹೊಡೆದದ್ದು ಬರೋಬರಿ ಮಾಡಿದಿರಿ ಎಂದೂ ಹೇಳಿದೆ. ಅವನು ನನ್ನ ಬರಿಗಾಲು, ಕೆದರಿದ ತಲೆ ನೋಡಿ, ಬೈಯಲೆಂದು ತೆರೆದ ಬಾಯಿ ಮುಚ್ಚಿ, ಕೂಡಲು ಒಂದು ಚೀಲ ಹಾಸಿಕೊಟ್ಟ.

ಮರುದಿನ ಹೊಸ ಚಪ್ಪಲಿ, ಹೊಸ ಸೆಲ್ಲು ತೆಗೆದುಕೊಂಡು ಶಾಲೆಗೆ ಹೋದೆ. ಹೆಡ್ ಮಾಸ್ತರರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಮೂವತ್ತೊಂದು ಮಕ್ಕಳೂ ಬಂದಿದ್ದರು. ಹಾಜರಿಯನ್ನು ಎರಡು ಸಲ ಕೂಗಿದೆ. ಆ ರೈತ ಹಿಂದಿನ ದಿನ ಇದೇ ಕೋಣೆಯಲ್ಲಿ ನಿಂತು, ಹಿಡಿದ ಕರಂಟ್ ಹೇಗೆ ಬಿಡುವುದಿಲ್ಲ ಎಂಬುದನ್ನು ತನ್ನದೇ ರೀತಿಯಲ್ಲಿ ಹೇಳಿ ಹೋಗಿದ್ದ. ಚೆನ್ನಾಗಿಯೇ ಹೇಳಿರಬೇಕು.

ಡಬ್ಬಿಗೌಡನನ್ನು ಮೇಜಿನ ಮೇಲಿಟ್ಟು ಹೊಸ ಸೆಲ್ಲು ಹಾಕಿದೆ. ಸೆಲ್ಲಿನದು ಬೇರೆ, ಕಂಬದ್ದು ಬೇರೆ ಎಂದು ಮೊದಲಿನಿಂದ ವಿವರಿಸಿದೆ. ಯಾರು ವಾಯರು ಕೂಡಿಸುತ್ತೀರಿ ಎಂದು ಕೇಳಿದೆ. ಯಾರೂ ಏಳಲಿಲ್ಲ. ಆ ಹುಡುಗಿಯ ಕಡೆ ನೋಡಿದೆ. ಗಂಟು ಬಿಚ್ಚುವ ಆ ಎರಡು ಕೈಗಳನ್ನು ಅವಳು ಬೆನ್ನ ಹಿಂದೆ ಅಡಗಿಸಿಕೊಂಡಿದ್ದಳು.

“ನೀವ ಹಿಡೀರಿ ಬಾಯಾರ,” ಅಂದಳು. “ನಾವು ನೋಡತೇವಿ.”

ನಾಲ್ಕು ಸೆಲ್ಲಿನ ಕರಂಟ್, ಹುಟ್ಟಿದಾಗಿನಿಂದ ಆಡಿದ ವಾಯರು. ಹಿಡಿಯಲು ಹೋದರೆ ನನ್ನ ಕೈ ನಡುಗತೊಡಗಿತು, ಎರಡು ತುದಿ ಒಂದಕ್ಕೊಂದು ಕೂಡಲು ಒಲ್ಲವು. ಮೂವತ್ತೊಂದು ಮಕ್ಕಳಲ್ಲಿ ಒಬ್ಬರೂ ಡಬ್ಬಿಗೌಡನನ್ನು ನೋಡುತ್ತಿರಲಿಲ್ಲ. ನಾನು ಸಾಯುತ್ತೇನೋ ಉಳಿಯುತ್ತೇನೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದರು.